ಮೇಷ್ಟ್ರ ನಾಮಪತ್ರಕ್ಕೆ ಹತ್ತನೇ ಸಹಿ

ನೋಡಿ ಸ್ನೇಹಿತರೇ, ಮಾಗಡಿಯ ನಮ್ಮ ಲೆಕ್ಕದ ಮೇಷ್ಟ್ರು ಲೋಕಸಭೆಗೆ ಪಕ್ಷೇತರರಾಗಿ ನಿಂತಿದ್ದಾರೆ. ಪಕ್ಷೇತರರ ನಾಮಪತ್ರಕ್ಕೆ ಅದೇ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ಮೇಷ್ಟ್ರು ಹತ್ತೂ ಜನ ಹಳೇ ವಿದ್ಯಾರ್ಥಿಗಳನ್ನೇ ಆರಿಸಿದ್ದರು. ಮೊದಲ ಸಹಿ, ಕ್ಲಾಸಿಗೇ ಫಸ್ಟ್ ಬರುತ್ತಿದ್ದ ನನ್ನದು.

ಇವತ್ತು ರಾಮನಗರದ ಡಿಸಿ ಆಫೀಸಿನ ಸಹಾಯ ಕೇಂದ್ರದಲ್ಲಿ ಮೇಷ್ಟ್ರು ಅದೇ ಹಳೇ ರಾಗದಲ್ಲಿ ಹಾಜರಿ ಕೂಗಿದರು. ತಲೆ ನರೆತ ನಾವೆಲ್ಲ ಕೈಕಟ್ಟಿ "ಹಾಜರ್ ಸಾ" ಎಂದೆವು. ಮತದಾರರ ಪಟ್ಟಿ ನೋಡುತ್ತಿದ್ದ ಗುಮಾಸ್ತರು ತಲೆಯೆತ್ತಿದರು. "ಈ ಮೊದಲನೇ ಹೆಸರೇ ಇಲ್ವಲ್ಲ!"

ನಾನು ವೋಟನ್ನು ಮೈಸೂರಿಗೆ ವರ್ಗಾಯಿಸಿಕೊಂಡಿದ್ದು ಆಗ ನೆನಪಾಯಿತು. ಗಡುವಿಗೆ ಅರ್ಧ ಗಂಟೆ ಉಳಿದಿತ್ತು.

ನಮ್ಮನ್ನು ಟೆಂಪೊದಲ್ಲಿ ಕರೆತಂದಿದ್ದ ಕೆಂಪ ಬಾಗಿಲಲ್ಲಿದ್ದ. ಮಗ್ಗಿ ಬಾರದೆ ದಿನಾ ತರಗತಿಯ ಆಚೆ ನಿಲ್ಲುತ್ತಿದ್ದವನು.

"ಲೇ ಕೆಂಪ, ನಿನ್ ವೋಟು ಎಲ್ಲೈತ್ಲಾ?" ಎಂದರು ಮೇಷ್ಟ್ರು.

"ನಾನೆಲ್ಲೋಯ್ತೀನಿ ಸಾ, ಮಾಗಡೀಲೇ ಐತೆ."

"ಬಾ ಒಳಕ್ಕೆ, ಸೈನ್ ಹಾಕು." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಒಸಿ ಆಚೆ ನಿಂತ್ಕಳಪ್ಪ."

ನಿಂತೆ. ಬಾಗಿಲಾಚೆ ಗಾಳಿ ಬಹಳ ಚೆನ್ನಾಗಿದೆ. ಅಷ್ಟು ವರ್ಷ ಅಲ್ಲೇ ನಿಂತಿದ್ದ ಕೆಂಪ ಇದನ್ನು ನಮಗ್ಯಾರಿಗೂ ಹೇಳಲೇ ಇಲ್ಲ.