ಹಗ್ಗದ ಮೇಲಿನ ಗೋಣಿ

ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತೇನೋ. ಆಗ ನನ್ನಷ್ಟು ಜಂಬದ ಮನುಷ್ಯ ಊರಲ್ಲಿ ಇನ್ನೊಬ್ಬನಿರಲಿಲ್ಲ. ಜಂಬಕ್ಕೆ ಕಾರಣ ಒಂದು ಪುಟ್ಟ ಲೋಡರ್. ಬೆಂಗಳೂರಿನ ಕಡೆ ಯಾವುದೋ ಕಾರ್ಖಾನೆಯಲ್ಲಿ ದುಡಿದು ಸವೆದಿದ್ದ ಹಳೇ ಗಾಡಿ ಅದು. ಉದ್ದದಲ್ಲಿ ಕಾರಿಗಿಂತ ಚಿಕ್ಕದು, ನಿಂತ ಜಾಗದಲ್ಲೇ ಗಿರಕಿ ಹೊಡೆಯುತ್ತಿತ್ತು. ಅದರ ಹಿಂಭಾಗಕ್ಕೆ ನಾನೇ ಒಂದು ವಿಂಚ್ ಕೂರಿಸಿದ್ದೆ. ಅಂದರೆ ಉಕ್ಕಿನ ಹಗ್ಗ ಸುತ್ತಿಕೊಂಡು ಎಳೆಯುವ ಒಂದು ಉರುಳೆ. ದೊಡ್ಡ ಯಂತ್ರಗಳು ಬಾಗಿಲಲ್ಲೇ ಸಿಕ್ಕಿಕೊಳ್ಳುವ ಹಿತ್ತಿಲಿಗೆ ಇದು ಸಲೀಸಾಗಿ ನುಗ್ಗುತ್ತಿತ್ತು. ಮನೆ ಮೇಲೆ ವಾಲಿದ ಮರ, ಬಾವಿಗೆ ಬಾಗಿದ ಮರ, ಇಂಥವೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಜನ ಕರೆಸಿಕೊಳ್ಳುತ್ತಿದ್ದರು, ನಾನೂ ಮೀಸೆ ತಿರುವಿಕೊಂಡು ಹೋಗುತ್ತಿದ್ದೆ.

ಕೆಲಸ ನನಗೆ ಗೊತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಆ ಗಾಡಿಯನ್ನು ಲಾರಿಗೆ ಹಿಮ್ಮುಖವಾಗಿಯೇ ಹತ್ತಿಸಬೇಕು. ಹಿಂಭಾಗ ಭಾರ, ಮುಮ್ಮುಖವಾಗಿ ಹತ್ತಿಸಿದರೆ ಹಲಗೆಯ ಮೇಲೆ ಮೂತಿ ಎತ್ತಿ ಮಗುಚಿಕೊಳ್ಳುತ್ತದೆ. ಹತ್ತಿದ ಮೇಲೆ ಬಕೆಟ್ಟನ್ನು ಕೆಳಗಿಳಿಸಿ ನಾಲ್ಕು ಮೂಲೆಗೂ ಸರಪಳಿ ಬಿಗಿಯಬೇಕು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಸರಪಳಿ ಸಡಿಲವಾಗಿದೆಯೇ ನೋಡಬೇಕು. ಇನ್ನು ಮರ ಎಳೆಯುವಾಗ, ಬಿಗಿದ ಉಕ್ಕಿನ ಹಗ್ಗದ ನಡುವೆ ಒದ್ದೆ ಗೋಣಿಚೀಲಗಳನ್ನು ಹೊದಿಸಬೇಕು. ಹಗ್ಗ ತುಂಡಾದರೆ ಗೋಣಿಯ ಭಾರಕ್ಕೆ ಅಲ್ಲೇ ನೆಲಕ್ಕೆ ಬೀಳುತ್ತದೆ. ಗೋಣಿ ಇಲ್ಲದಿದ್ದರೆ ಎದುರಿಗೆ ಸಿಕ್ಕವನ ಕಾಲನ್ನೇ ಕತ್ತರಿಸಿಕೊಂಡು ಹೋಗುತ್ತದೆ. ಯಾರ ಮೈಗೂ ಗಾಯವಾಗದಂತೆ ಇಷ್ಟೆಲ್ಲ ಎಚ್ಚರ ವಹಿಸುತ್ತಿದ್ದವನು ನಾನು.

ಒಂದು ದಿನ ಪೆರೇಸಂದ್ರದ ಹತ್ತಿರ ಒಂದು ದ್ರಾಕ್ಷಿ ತೋಟದಲ್ಲಿ ನೀಲಗಿರಿ ಬುಡಗಳನ್ನು ಕೀಳಿಸಿದೆ. ಹೊರಡುವಾಗ ತೋಟದವರು ನಾಲ್ಕು ಕ್ಯಾನ್ ಔಷಧಿ ಕೊಟ್ಟು, ದಾರಿಯಲ್ಲಿರುವ ಅವರ ಇನ್ನೊಂದು ತೋಟದಲ್ಲಿ ಇಳಿಸಿಬಿಡಿ ಎಂದರು. ಔಷಧಿ ಎಂದರೆ ದ್ರಾಕ್ಷಿಗೆ ಹೊಡೆಯುವ ಕೀಟದ ವಿಷ. ಒಂದು ಕ್ಯಾನಿನ ಮುಚ್ಚಳ ಸಡಿಲವಿತ್ತು, ಲಾರಿಯ ಹಾಸಿನ ಮೇಲೆಲ್ಲ ಸೋರಿತು. ಬೈದುಕೊಂಡು, ಕೈಗೆ ಸಿಕ್ಕ ಅದೇ ಗೋಣಿಚೀಲಗಳಿಂದ ಒರೆಸಿ ಮೂಲೆಗೆ ಎಸೆದೆ. ಮನೆಗೆ ಹೋಗಿ ಸೋಪು ಹಚ್ಚಿ ಎರಡು ಸಲ ಕೈ ತೊಳೆದುಕೊಂಡೆ. ಗೋಣಿಗಳ ಯೋಚನೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಿಂದ ಫೋನು ಬಂತು. ಗಾಳಿಗೆ ದೊಡ್ಡ ಹುಣಸೆ ಮರ ಬೇರು ಸಡಿಲಿಸಿಕೊಂಡು ಅವರ ಹುಳುಮನೆಯ ಮೇಲೆ ವಾಲಿತ್ತು. ರೇಷ್ಮೆಹುಳು ಸಾಕುವ ಆ ಉದ್ದನೆಯ ಶೀಟಿನ ಮನೆಯ ತುಂಬ ಹುಳು ಇತ್ತು. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಬಕಾಸುರರ ಹಾಗೆ ಸೊಪ್ಪು ತಿನ್ನುವ ದಿನಗಳು. ಇನ್ನು ಎರಡು ದಿನ ಕಳೆದರೆ ಹಣ್ಣಾಗಿ ಗೂಡು ಕಟ್ಟುತ್ತವೆ. ಆ ಹೊತ್ತಿನಲ್ಲಿ ಅವುಗಳನ್ನು ಬೇರೆಡೆಗೆ ಸಾಗಿಸುವಂತಿಲ್ಲ. ಮರವನ್ನು ಹಾಗೇ ಕಡಿದರೆ ಅದು ಶೀಟಿನ ಮೇಲೇ ಬೀಳುತ್ತದೆ. ಬೇರೆ ಕಡೆ ಎಳೆದು ಹಿಡಿದು ಕಡಿಯಬೇಕು, ಅದಕ್ಕೆ ನಾನೇ ಆಗಬೇಕು.

ಆ ಮನೆಯಲ್ಲಿದ್ದವರು ಮೂವರು. ಅರವತ್ತರ ಆಸುಪಾಸಿನ ಯಜಮಾನಮ್ಮ, ಮಾತು ಕಡಿಮೆಯ ಅವಳ ಮಗ, ಮದುವೆಯಾಗಿ ಇನ್ನೂ ವರ್ಷ ತುಂಬದ ಸೊಸೆ. ಹುಳುಮನೆಯ ಕೆಲಸವೆಲ್ಲ ಅತ್ತೆ ಸೊಸೆಯರದೇ. ಯಜಮಾನಮ್ಮ ಮಡಿ ಮೈಲಿಗೆಯಲ್ಲಿ ಭಾರಿ ಕಟ್ಟುನಿಟ್ಟು. ನಾನು ನೋಡೋಣವೆಂದು ಒಳಗೆ ಹೆಜ್ಜೆ ಇಡಹೋದರೆ ತಡೆದು, ಎಲೆ ಅಡಿಕೆ ಉಗಿಸಿ, ಬಾಯಿ ಮುಕ್ಕಳಿಸಲು ಹೇಳಿ, ಕಾಲು ತೊಳೆಸಿ, ಆಮೇಲೆ ಬಿಟ್ಟಳು. ಹೊಗೆಸೊಪ್ಪಿನ ಉಸಿರು ತಾಗಿದರೂ ಹುಳು ಉಳಿಯುವುದಿಲ್ಲವಂತೆ. ಸೊಸೆ ಅತ್ತೆಯ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದಳು.

ಆ ದಿನದ ಕೆಲಸ ನನ್ನ ಜೀವಮಾನದಲ್ಲೇ ಚೆನ್ನಾಗಿ ಆದದ್ದು. ಹಿತ್ತಿಲಾಚೆಯ ಬೇವಿನ ಬುಡಕ್ಕೆ ಕಪ್ಪಿ ಕಟ್ಟಿ, ಅದರ ಮೂಲಕ ಹಗ್ಗ ಹಾಯಿಸಿ, ಲೋಡರಿನ ಬಕೆಟ್ಟನ್ನು ನೆಲಕ್ಕೆ ಊರಿ ನಿಂತೆ. ಗೋಣಿಗಳನ್ನು ದನದ ತೊಟ್ಟಿಯ ನೀರಿನಲ್ಲಿ ಅದ್ದಿ ಹಗ್ಗದ ಮೇಲೆ ಹೊದಿಸಿದೆ. ಅದ್ದುವಾಗ ಔಷಧಿಯ ವಾಸನೆ ಮೂಗಿಗೆ ಬಂತು. ದನಗಳು ಆಮೇಲೆ ಆ ನೀರು ಕುಡಿದಾವೆಂದು ತೊಟ್ಟಿಯ ನೀರನ್ನು ಚೆಲ್ಲಿಸಿ ಬೇರೆ ತುಂಬಿಸಿದೆ. ದನದ ಬಗ್ಗೆ ಇದ್ದ ಬುದ್ಧಿ ಸಂಜೆಯವರೆಗೆ ನಿಲ್ಲಲಿಲ್ಲ. ಮಗ ಮತ್ತು ನೆರೆಯವರು ಗರಗಸ ಹಾಕಿದರು, ನಾನು ಇಂಚಿಂಚು ಎಳೆದೆ. ಮರ ನಿಧಾನಕ್ಕೆ ಎದ್ದು ನಿಂತು, ಆಚೆಗೆ ಹೊರಳಿ, ಖಾಲಿ ಜಾಗದಲ್ಲಿ ಬಿತ್ತು. ಹುಳುಮನೆಯ ಒಂದು ಶೀಟೂ ಅಲುಗಲಿಲ್ಲ. ಯಜಮಾನಮ್ಮ ಬಂದು ನನ್ನ ಕೆನ್ನೆ ಸವರಿ ನೆಟಿಕೆ ತೆಗೆದಳು. ನನಗೆ ನೆಲ ಕಾಣಲಿಲ್ಲ.

ನಾನು ಹಾಗೆ ಉಬ್ಬಿದ್ದಾಗಲೇ ಯಜಮಾನಮ್ಮನಿಗೆ ಸೊಪ್ಪಿನ ನೆನಪಾಯಿತು. ಎಲ್ಲರೂ ಮರದ ಹಿಂದೆ ಬಿದ್ದು ಹಿಪ್ಪುನೇರಳೆ ಸೊಪ್ಪು ತಂದಿರಲಿಲ್ಲ, ಎತ್ತಿನ ಗಾಡಿ ಬಿದ್ದ ಕೊಂಬೆಗಳ ಆಚೆ ಸಿಕ್ಕಿಕೊಂಡಿತ್ತು. ಹುಳು ಹಸಿದಿವೆ. ನನ್ನ ಲಾರಿ ಖಾಲಿ ನಿಂತಿತ್ತಲ್ಲ, ಲೋಡರ್ ಹೇಗೂ ಮರುದಿನ ದಿಮ್ಮಿ ಎಳೆಯಲು ಅಲ್ಲೇ ಇರಬೇಕಿತ್ತು. ಅದಕ್ಕೇನಂತೆ, ಹತ್ತಿ ಎಂದೆ. ಮಗನೂ ಸೊಸೆಯೂ ತೋಟದಲ್ಲಿ ಸೊಪ್ಪು ಕುಯ್ದು ತುಂಬಿದರು. ಬಿಸಿಲಿಗೆ ಬಾಡೀತು, ಮುಚ್ಚೋಕೆ ಏನಾದ್ರೂ ಇದೆಯಾ ಅಣ್ಣಾ ಎಂದು ಸೊಸೆ ಕೇಳಿದಳು. ಒದ್ದೆ ಗೋಣಿಗಳನ್ನು ನಾನೇ ಎತ್ತಿ ಕೊಟ್ಟೆ. ಕೊಡುವಾಗ ನನ್ನ ಕೈ ಅರೆಕ್ಷಣ ತಡೆಯಿತು. ನಿನ್ನೆಯದು, ನೀರಿನಲ್ಲಿ ಬೇರೆ ಅದ್ದಿಯಾಗಿದೆ, ಏನೂ ಆಗಲ್ಲ ಎಂದುಕೊಂಡೆ. ಬೇಡಮ್ಮ, ಇದರಲ್ಲಿ ಔಷಧಿ ಒರೆಸಿದ್ದೆ ಎಂದರೆ ಇಡೀ ದಿನದ ಹೊಗಳಿಕೆಗೆ ಮಸಿ ಬಳಿದಂತಾಗುತ್ತಿತ್ತು. ಅಷ್ಟೇ ಕಾರಣ, ಇನ್ನೇನೂ ಇಲ್ಲ.

ಬೆಳಿಗ್ಗೆ ದಿಮ್ಮಿ ಎಳೆಯಲು ಹೋದಾಗ ಹುಳುಮನೆಯ ಬಾಗಿಲು ಹಾರುಹೊಡೆದಿತ್ತು. ಕಾಲು ತೊಳೆ ಎನ್ನುವವರೂ ಇರಲಿಲ್ಲ. ಒಳಗೆ ಹುಳುಗಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ, ಕುಗ್ಗಿ ಕಪ್ಪಾಗಿ ಬಿದ್ದಿದ್ದವು. ಒಂದೊಂದು ಇನ್ನೂ ಹೊರಳುತ್ತಿತ್ತು. ನೋಡಿದ ಕ್ಷಣದಲ್ಲೇ ಗೊತ್ತಾಯಿತು, ಅನುಮಾನಕ್ಕೆ ಜಾಗವೇ ಇರಲಿಲ್ಲ.

ಯಜಮಾನಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಸೊಸೆ ಹೊರಜಗುಲಿಯ ತುದಿಯಲ್ಲಿ ಚಾಪೆಯ ಮೇಲೆ ಒಬ್ಬಳೇ ಇದ್ದಳು. ಅವಳು ಆ ಬೆಳಿಗ್ಗೆ ಹೊರಗಾಗಿದ್ದಳು. ಮುಟ್ಟಾದ ಹೆಂಗಸು ಹುಳುಮನೆಗೆ ಕಾಲಿಡಬಾರದೆಂಬುದು ನಮ್ಮ ಕಡೆ ಕಟ್ಟಳೆ. ರಾತ್ರಿ ಸೊಪ್ಪು ಹಾಕುವಾಗಲೇ ಇವಳಿಗೆ ಗೊತ್ತಿತ್ತು, ಮುಚ್ಚಿಟ್ಟು ಒಳಗೆ ಬಂದಳು ಎಂಬುದು ಅತ್ತೆಯ ಲೆಕ್ಕಾಚಾರ. ಸೊಸೆ ಇಲ್ಲವೆಂದು ಆಣೆ ಮಾಡಿ ಅತ್ತೂ ಅತ್ತೂ ಸುಮ್ಮನಾಗಿದ್ದಳಂತೆ. ಮಗ ಯಾರ ಕಡೆಗೂ ಮಾತಾಡಿರಲಿಲ್ಲ. ನನ್ನನ್ನು ಕಂಡದ್ದೇ ಸೊಸೆ ಎದ್ದು ಮನೆಯ ಹಿಂದಿನ ಹಿತ್ತಿಲಿಗೆ ಹೋದಳು. ಗಂಡಸರ ಎದುರು ಇಂಥ ಮಾತು ಯಾರಿಗೆ ಬೇಕು?

ಆಗ ಯಜಮಾನಮ್ಮ ನನ್ನನ್ನು ನೇರವಾಗಿ ಕೇಳಿದಳು. "ನಾಲ್ಕೂರು ತಿರುಗೋನು ನೀನು. ಹಿಂಗಾಗೋದು ಎಲ್ಲಾದ್ರೂ ನೋಡಿದ್ಯೇನಪ್ಪಾ?"

ಬಾಯಿ ಬಿಟ್ಟಿದ್ದರೆ ಸಾಕಿತ್ತು. ಗೊತ್ತಿಲ್ಲಮ್ಮ ಎಂದಿದ್ದರೂ ಎಷ್ಟೋ ವಾಸಿ. ನಾನು ಅಂದದ್ದು ಇದು: "ಮಂಡಿಕಲ್ ಕಡೆ ಒಂದು ಮನೇಲಿ ಹಿಂಗೇ ಆಗಿತ್ತಮ್ಮ. ಅಲ್ಲೂ ಮುಟ್ಟಿನಿಂದಾನೇ ಅಂದ್ರು." ಅಂಥ ಮನೆ ಯಾವುದೂ ಇರಲಿಲ್ಲ. ನಿಂತ ನಿಲುವಿನಲ್ಲಿ ಹುಟ್ಟಿಸಿದೆ. ಆಮೇಲೆ ಹೋಗಿ ದಿಮ್ಮಿಗಳನ್ನು ಒಪ್ಪವಾಗಿ ಎಳೆದು ಬೇಲಿ ಪಕ್ಕ ಜೋಡಿಸಿದೆ, ಲೋಡರನ್ನು ಹಿಮ್ಮುಖವಾಗಿ ಹತ್ತಿಸಿದೆ, ನಾಲ್ಕು ಸರಪಳಿ ಬಿಗಿದೆ. ನನ್ನ ಗೋಣಿಗಳನ್ನು ಸೊಸೆ ಒಗೆದು ಬೇಲಿಯ ಮೇಲೆ ಒಣಹಾಕಿದ್ದಳು. ಅವುಗಳನ್ನು ಮಡಚಿಕೊಂಡು ಬಂದುಬಿಟ್ಟೆ. ಥೂ ನನ್ನ ಜನ್ಮಕ್ಕಿಷ್ಟು.

ವಾರ ಕಳೆಯುವುದರೊಳಗೆ ಅವಳನ್ನು ಗೌರಿಬಿದನೂರಿನ ಹತ್ತಿರದ ತವರಿಗೆ ಕಳಿಸಿದರೆಂದು ಕೇಳಿದೆ. ಕರೆದುಕೊಂಡು ಬರುವ ಮಾತೇ ಇಲ್ಲವಂತೆ, ಕಾಲ್ಗುಣ ಸರಿಯಿಲ್ಲ ಎಂದು ಬೇರೆ ಸೇರಿಸಿದ್ದರಂತೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎರಡು ತಿಂಗಳು ತಳ್ಳಿದೆ. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ತಿಂದೆ, ಕೆಲಸವನ್ನೂ ಮಾಡಿದೆ. ಆದರೆ ಹಗ್ಗದ ಮೇಲೆ ಗೋಣಿ ಹೊದಿಸುವಾಗಲೆಲ್ಲ ಹೊರಜಗುಲಿಯ ಆ ಚಾಪೆ ಕಣ್ಣಿಗೆ ಬರುತ್ತಿತ್ತು, ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ.

ಕೊನೆಗೆ ಗೌರಿಬಿದನೂರಿನ ಕಡೆ ಒಂದು ಆಲದ ಬೊಡ್ಡೆ ಕೀಳುವ ಕೆಲಸ ಬಂತು. ಬೆಳಿಗ್ಗೆಯೇ ಮುಗಿಯಿತು. ಲೋಡರ್ ಹತ್ತಿಸಿದ ಮೇಲೆ ಲಾರಿಯನ್ನು ಮನೆ ಕಡೆಗೆ ತಿರುಗಿಸದೆ, ವಿಚಾರಿಸಿಕೊಂಡು ಅವಳ ತವರಿನ ಮುಂದೆ ನಿಲ್ಲಿಸಿದೆ. ಅವಳೂ ಅವಳ ಅಪ್ಪನೂ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ನಿಂತುಕೊಂಡೇ ಹೇಳಿದೆ: ಗೋಣಿಯಲ್ಲಿ ದ್ರಾಕ್ಷಿ ಔಷಧಿ ಇತ್ತು, ಹುಳು ಸತ್ತದ್ದು ಅದರಿಂದ, ನನಗೆ ಅವತ್ತೇ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಅಪ್ಪ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟ. ಅವಳು ಮಾತ್ರ ಬೆಚ್ಚಲಿಲ್ಲ.

"ನಂಗೂ ಗೊತ್ತಿತ್ತಣ್ಣ. ಗೋಣಿ ಒಗೀವಾಗ ವಾಸನೆ ಬಂತು," ಎಂದಳು. "ನಾನು ಹೇಳಿದ್ದಕ್ಕೆ ತಪ್ಪಿಸ್ಕೊಳ್ಳಾಕೆ ಕತೆ ಕಟ್ತಾಳೆ ಅಂದ್ರು ಅತ್ತೆ. ನೀವು ಹೇಳ್ತೀರ ಅಂತ ಕಾಯ್ತಿದ್ದೆ."

ಹೋಗಿ ಹೇಳುತ್ತೇನಮ್ಮ ಎಂದೆ. ಯಾವತ್ತು ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಸೀರೆ ಬದಲಿಸಿ, ಬ್ಯಾಗು ಹಿಡಿದು ಬಂದಳು. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡ. ಇಬ್ಬರೂ ನನ್ನ ಲಾರಿ ಹತ್ತಿ ಪಕ್ಕದಲ್ಲಿ ಕೂತರು.

ಮಂಚೇನಹಳ್ಳಿ ದಾಟುವುದರೊಳಗೆ ಎರಡು ಸಲ ಸರಪಳಿ ನೋಡುವ ನೆವದಲ್ಲಿ ಇಳಿದೆ. ಸರಪಳಿ ಕಲ್ಲಿನಂತೆ ಬಿಗಿಯಾಗಿತ್ತು. ಚಿಕ್ಕಬಳ್ಳಾಪುರದ ಆಚೆ ಮೂರನೇ ಸಲ ಇಳಿದಾಗ ಅಪ್ಪ ಕಿಟಕಿಯಿಂದ ಬಗ್ಗಿ, ಗಾಡಿ ಎಲ್ಲೂ ಓಡಿಹೋಗಲ್ಲ, ಬಾರಪ್ಪಾ ಎಂದ. ಅವಳಿಗೆ ನಗು ಬಂತು. ನಾನು ಬಂದು ಕೂತ ಮೇಲೆ ಅವಳೇ ಸಮಾಧಾನ ಹೇಳಿದಳು. "ಹೆದರ್ಕೊಂಡು ಸುಮ್ನಿದ್ರಿ, ಅಷ್ಟೇ ತಾನೆ? ನನ್ನ ಗಂಡನೂ ಸುಮ್ನೇ ಇದ್ದ. ನೀವಾದ್ರೂ ಬಂದ್ರಲ್ಲ." ಅಪ್ಪ ಹೌದೆಂದು ತಲೆಯಾಡಿಸಿದ. ಮಂಡಿಕಲ್ಲಿನ ಇಲ್ಲದ ಮನೆಯ ಕತೆ ಅವಳಿಗೆ ಗೊತ್ತಿರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಗೇರು ಬದಲಿಸಿದೆ.

ನಮ್ಮನ್ನು ಒಟ್ಟಿಗೆ ಕಂಡು ಯಜಮಾನಮ್ಮ ಅಂಗಳದಲ್ಲೇ ನಿಂತಳು. ಮಗ ಹುಳುಮನೆಗೆ ಸುಣ್ಣ ಹೊಡೆಯುತ್ತಿದ್ದವನು ಬ್ರಷ್ ಹಿಡಿದೇ ಬಂದ. ನಾನು ಎಲ್ಲವನ್ನೂ ಹೇಳಿದೆ: ಪೆರೇಸಂದ್ರದ ಕ್ಯಾನು, ಒರೆಸಿದ ಗೋಣಿ, ತೊಟ್ಟಿಯಲ್ಲಿ ಬಂದ ವಾಸನೆ, ಸೊಪ್ಪು. ಇವಳ ತಪ್ಪು ಒಂದು ಎಳ್ಳಿನಷ್ಟೂ ಇಲ್ಲವಮ್ಮ, ಬೈಯುವುದಾದರೆ ನನ್ನನ್ನು ಬೈಯಿರಿ ಎಂದು ಕೈ ಮುಗಿದೆ. ಹೇಳುತ್ತ ಹೇಳುತ್ತ ಮೈ ಹಗುರವಾಗುತ್ತ ಬಂತು; ಪರವಾಗಿಲ್ಲ, ನಾನೂ ಮನುಷ್ಯನೇ ಅನ್ನಿಸತೊಡಗಿತು.

ಯಜಮಾನಮ್ಮ ಸೊಸೆಯ ಕಾಲುಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದಳು.

"ಏಮಪ್ಪಾ, ಮುಟ್ಟಿನಿಂದಾನೇನಾ ಅಂತ ನಂಗೆ ಅನುಮಾನವೇ ಇತ್ತು ಅವತ್ತು. ಮಂಡಿಕಲ್ಲಲ್ಲೂ ಮುಟ್ಟಿನಿಂದಾನೇ ಆಯ್ತು ಅಂತ ನೀನು ಹೇಳಿದ್ಮೇಲಲ್ವಾ ನಾನು ಇವಳನ್ನ ಕಳಿಸಿದ್ದು?"

ಸೊಸೆ ನನ್ನತ್ತ ನೋಡಿದಳು. ದಾರಿಯಲ್ಲಿ ಸಮಾಧಾನ ಹೇಳಿದ್ದ ಮುಖ ಅದು. ಏನಾದರೂ ಅನ್ನುತ್ತಾಳೆ ಎಂದು ಕಾದೆ, ಬೈಗುಳವಾದರೂ ಸರಿ ಎಂದು ಕಾದೆ. ಅವಳು ಅಪ್ಪನ ಕೈಯಿಂದ ಬ್ಯಾಗು ತೆಗೆದುಕೊಂಡು, ಅತ್ತೆಯ ಪಕ್ಕದಿಂದ ಹಾದು ಮನೆಯೊಳಗೆ ಹೋದಳು. ನಾನು ಮುಗಿದ ಕೈಯನ್ನು ಇಳಿಸುವುದೂ ತಿಳಿಯದೆ ನಿಂತಿದ್ದೆ. ಒಳಗಿನಿಂದ ಅವಳು ಅಪ್ಪನನ್ನು ಮಾತ್ರ ಕರೆದಳು: "ಅಪ್ಪಾ, ನೀನು ಒಳಗೆ ಬಾ. ಲಾರಿಯವರು ಹೊರಡ್ತಾರೆ."