ಪಿಳ್ಳಮ್ಮಜ್ಜಿ ನೀರು ಹಾಕುವುದನ್ನು ಬಿಟ್ಟದ್ದು

ಪಿಳ್ಳಮ್ಮಜ್ಜಿ ಎಳೆಯ ಮಕ್ಕಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು. ಬೀದಿಯ ದೊಡ್ಡವರಿಗೆಲ್ಲ ‘ಬಾರೋ, ಹೋಗೋ’ ಎನ್ನುವ ಬಾಯಿ, ತಿಂಗಳು ತುಂಬದ ಕೂಸೊಂದನ್ನು ಕಾಲ ಮೇಲೆ ಮಲಗಿಸಿಕೊಂಡ ಕೂಡಲೇ ಬದಲಾಗಿಬಿಡುತ್ತಿತ್ತು. “ಏನ್ ಸಾಹೇಬ್ರೇ, ಸಿಟ್ಟು ಬಂತಾ? ಸ್ವಲ್ಪ ತಲೆ ಈ ಕಡೆ ಮಾಡಿ. ಹಾಂ, ಈಗ ಬೆನ್ನು. ತಮ್ಮದೇ ಬಚ್ಚಲು, ನಾಚ್ಕೋಬ್ಯಾಡಿ!” ಎನ್ನುತ್ತ ಚೊಂಬಿನಿಂದ ಬಿಸಿನೀರು ಸುರಿಯುತ್ತಿದ್ದಳು. ಯಾಕಜ್ಜಿ ಇಷ್ಟು ಮರ್ಯಾದೆ ಎಂದು ಒಮ್ಮೆ ಕೇಳಿದ್ದೆ. “ದೊಡ್ಡೋರಾದ್ಮೇಲೆ ಇವ್ರ ಯೋಗ್ಯತೆ ಏನೂಂತ ಗೊತ್ತಾಗೋಯ್ತದೆ, ಆಮೇಲೆ ಮರ್ಯಾದೆ ಕೊಡೋಕೆ ಮನಸ್ ಬರಲ್ಲ. ಅದಕ್ಕೆ ಈಗ್ಲೇ ಕೊಟ್ಬಿಡ್ತೀನಿ” ಎಂದಿದ್ದಳು.

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಯಲ್ಲಿ ಬಾಣಂತಿ ಇರುವ ಮನೆಗೆಲ್ಲ ಬೆಳಿಗ್ಗೆ ಬೆಳಿಗ್ಗೆಯೇ ಅವಳು ಬರಬೇಕು. ಕೂಸಿಗೆ ಎಣ್ಣೆ ಹಚ್ಚಿ, ಕೈಕಾಲು ನೀವಿ, ಎಳೆದು, ಮಡಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ತಾಯಿಯ ಮಡಿಲಿಗೆ ಹಾಕಿದಳೆಂದರೆ ಅದು ಮಧ್ಯಾಹ್ನದವರೆಗೆ ಮಿಸುಕುತ್ತಿರಲಿಲ್ಲ. ನನಗೂ ನೀರು ಹಾಕಿದವಳು ಅವಳೇ. ಆ ವಿಷಯವನ್ನು ನಾಲ್ಕು ಜನರ ಮುಂದೆ ಎತ್ತುವುದೆಂದರೆ ಅವಳಿಗೆ ಭಾರಿ ಖುಷಿ. “ಈ ಸುಮನ ಮೂಗು ನೋಡ್ರವ್ವ, ನಾನ್ ತಿದ್ದಿದ್ದು. ಹುಟ್ದಾಗ ಬೋಂಡಾ ಇದ್ದಂಗಿತ್ತು” ಎಂದು ನನ್ನ ಮದುವೆಯ ದಿನ ಗಂಡಿನ ಕಡೆಯವರಿಗೂ ಹೇಳಿಬಿಟ್ಟಳು.

ನನ್ನ ಕೆಲಸವೂ ಕೂಸುಗಳದ್ದೇ. ಒಂದು ಯೋಜನೆಯ ಪರವಾಗಿ ಮನೆಮನೆಗೆ ಹೋಗಿ, ಮಕ್ಕಳ ಬೆಳವಣಿಗೆ ತಡವಾಗುತ್ತಿದೆಯೇ ಎಂದು ಪರೀಕ್ಷೆ ಮಾಡುತ್ತೇನೆ. ವಾಚಿನಷ್ಟು ಪುಟ್ಟ ಸೆನ್ಸರ್‌ಗಳನ್ನು ಮೆತ್ತನೆಯ ಪಟ್ಟಿಯಲ್ಲಿ ಮಗುವಿನ ಎರಡು ಕೈಗೆ, ಎರಡು ಕಾಲಿಗೆ ಕಟ್ಟಿ ಚಾಪೆಯ ಮೇಲೆ ಬಿಟ್ಟರೆ ಸಾಕು. ಅದು ಒದೆಯುವುದು, ಹೊರಳುವುದು ಎಲ್ಲವೂ ನನ್ನ ಟ್ಯಾಬ್‌ಗೆ ಬರುತ್ತದೆ. ಯಾವುದಾದರೂ ಕೈಯೋ ಕಾಲೋ ಹಿಂದೆ ಬಿದ್ದಿದ್ದರೆ ತಿಳಿಯುತ್ತದೆ. ಕಾಯಿಲೆ ಏನೆಂದು ಹೇಳುವುದು ಡಾಕ್ಟರ ಕೆಲಸ. ಆದರೆ ನಮ್ಮ ಬೀದಿಯಲ್ಲಿ ಮೊದಮೊದಲು ಎಲ್ಲ ಮಕ್ಕಳೂ ಗಡಗಡ ನಡುಗುತ್ತಿರುವಂತೆ ಕಾಣತೊಡಗಿದರು. ಮಗ್ಗ ಓಡುವಾಗ ನೆಲವೇ ಅದುರುತ್ತದೆ; ಆ ಅದುರನ್ನೂ ಸೆನ್ಸರ್ ಮಗುವಿನ ಲೆಕ್ಕಕ್ಕೇ ಸೇರಿಸುತ್ತಿತ್ತು. ಮಗ್ಗ ನಿಲ್ಲಿಸಿ ಎಂದರೆ ಯಾರು ಕೇಳುತ್ತಾರೆ? ನನ್ನನ್ನು ಬಾಗಿಲಲ್ಲೇ ಸಾಗಹಾಕುತ್ತಿದ್ದರು.

ಬಾಗಿಲು ತೆಗೆಸಿದವಳು ಪಿಳ್ಳಮ್ಮಜ್ಜಿ. ತಾನು ನೀರು ಹಾಕುವ ಮನೆಗಳಿಗೆಲ್ಲ ನನ್ನನ್ನು ಕರೆದುಕೊಂಡು ಹೋದಳು. ಸೆನ್ಸರ್‌ಗಳಿಗೆ ‘ಕಂಪ್ಯೂಟರ್ ಕಡಗ’ ಎಂದು ಹೆಸರಿಟ್ಟಳು. ಒಳಗೆ ಹೋದವಳೇ, “ಲೇ, ಮಗ್ಗ ಆಫ್ ಮಾಡ್ರೋ! ಸಾಹೇಬ್ರು ಪರೀಕ್ಷೆ ಬರೀತಾವ್ರೆ!” ಎಂದು ಗದರುವಳು. ಮಗ್ಗ ನಿಲ್ಲುತ್ತಿತ್ತು. ಆ ಬೀದಿಯಲ್ಲಿ ನನಗೆ ಸಿಕ್ಕ ಮೊದಲ ನಂಬಿಕೆ ಅವಳಿಂದ ಕಡ ತಂದದ್ದು.

ರತ್ನಮ್ಮನವರ ಮನೆಗೂ ಹಾಗೆಯೇ ಹೋದೆವು. ಅವರ ಸೊಸೆ ಲಾವಣ್ಯ ಶಿವಗಂಗೆ ಕಡೆಯ ಹುಡುಗಿ. ಮಗು ಚಿರು ಎಡಗೈಯನ್ನು ಮುಷ್ಟಿ ಬಿಗಿದೇ ಇಟ್ಟುಕೊಳ್ಳುತ್ತಾನೆಂದು ಅವಳಿಗೆ ಒಳಗೊಳಗೇ ಅಳುಕು. ಅಜ್ಜಿ ಮಾತ್ರ, “ಗಂಡುಮಕ್ಳು ನಿಧಾನ ಕಣವ್ವ, ಸರಿಹೋಯ್ತದೆ” ಎಂದು ಹೇಳುತ್ತಲೇ ಬಂದಿದ್ದಳು. ಅಲ್ಲಿ ಅವಳು ತಪ್ಪಿದ್ದಳು. ನಾನು ಎರಡು ಸಲ ಕಟ್ಟಿ ನೋಡಿದೆ. ಎರಡೂ ಸಲ ಎಡಗೈ ಎಡಗಾಲು ಬಲಕ್ಕಿಂತ ಬಹಳ ಹಿಂದಿದ್ದವು. ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹುಟ್ಟುವ ಹೊತ್ತಿನಲ್ಲೇ ಮೆದುಳಿಗೆ ಪೆಟ್ಟಾಗಿದೆ, ಇದರಲ್ಲಿ ಯಾರದೂ ತಪ್ಪಿಲ್ಲ, ಬೇಗ ಗೊತ್ತಾದದ್ದೇ ಪುಣ್ಯ, ಇವತ್ತಿನಿಂದಲೇ ಥೆರಪಿ ಶುರುಮಾಡಿ ಎಂದರು ಡಾಕ್ಟರು. ಕೇಳಿಸಿಕೊಂಡವರು ನಾನು ಮತ್ತು ಲಾವಣ್ಯ. ರತ್ನಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಕೂತಿದ್ದರು.

ವಾಪಸ್ ಬರುವಾಗ ದಾರಿಯುದ್ದಕ್ಕೂ ರತ್ನಮ್ಮ ಒಂದೇ ಮಾತು. “ನಮ್ ವಂಶದಲ್ಲಿ ಇಂಥದ್ದಿಲ್ಲ. ಹುಟ್ಟುವಾಗ್ಲೇ ಬಂದಿದ್ದಾದ್ರೆ ಅದು ಅವರ ಕಡೇದು. ತವ್ರಿಗೆ ಹೋಗಿ ಅಲ್ಲೇ ಸಾಕ್ಕೊಳ್ಲಿ.” ಲಾವಣ್ಯಳ ತವರಿನ ಹತ್ತಿರ ಥೆರಪಿ ಕೊಡುವವರೇ ಇಲ್ಲ. ಮನೆ ತಲುಪಿ ನಾನು ಟ್ಯಾಬನ್ನು ಚೀಲಕ್ಕೆ ಹಾಕುತ್ತಿದ್ದಾಗ ರತ್ನಮ್ಮ ಏನೋ ಹೊಳೆದವರಂತೆ ನನ್ನ ಕಡೆ ತಿರುಗಿದರು.

“ಆ ಪಿಳ್ಳಮ್ಮ ಕಾಲು ಎಳ್ದೂ ಎಳ್ದೂ ಹಿಂಗಾಯ್ತಾ ಸುಮಾ? ಅದೇ ಇರ್ಬೇಕು, ಅಲ್ವಾ?”

ಲಾವಣ್ಯ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಏನಿತ್ತೆಂದು ನನಗೆ ಚೆನ್ನಾಗಿ ಗೊತ್ತು. ‘ಅಲ್ಲ’ ಎನ್ನುವ ಒಂದು ಪದ ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡು, “ಈಗ ಅದೆಲ್ಲ ಯಾಕಮ್ಮ, ನಾಳೆಯಿಂದ್ಲೇ ಥೆರಪಿಗೆ ಕರ್ಕೊಂಡು ಹೋಗೋಣ” ಎಂದೆ.

ರತ್ನಮ್ಮನವರಿಗೆ ಅಷ್ಟೇ ಸಾಕಾಯಿತು. ಕೈಯಿಂದ ಕೆಟ್ಟದ್ದು ಕೈಯಿಂದಲೇ ಸರಿಹೋಗುತ್ತದೆಂದು ನಂಬಿ, ಒಂದು ದಿನವೂ ತಪ್ಪಿಸದೆ ಮೊಮ್ಮಗನನ್ನು ಥೆರಪಿಗೆ ಹೊತ್ತು ತಿರುಗಿದರು. ಬೀದಿಯ ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಪಿಳ್ಳಮ್ಮಜ್ಜಿಯ ಸಂಗತಿಯನ್ನೂ ಹೇಳಿದರು. ಮಷೀನೇ ಕಂಡುಹಿಡಿಯಿತಂತೆ ಎಂದು ಮಾತು ಬೆಳೆಯಿತು. ಒಂದೊಂದೇ ಮನೆಯವರು ಅಜ್ಜಿಗೆ ನಾಳೆಯಿಂದ ಬೇಡ ಎಂದರು. ನನ್ನನ್ನು ಮಾತ್ರ ಕರೆದು ಕರೆದು ಕೂರಿಸಿ, ನಾನು ಬಾಯಿಬಿಡುವ ಮೊದಲೇ ಮಗ್ಗ ನಿಲ್ಲಿಸತೊಡಗಿದರು. ಲಾವಣ್ಯಳಿಗಾಗಿ ಸುಮ್ಮನಿದ್ದೇನೆ ಎಂದುಕೊಳ್ಳುತ್ತಿದ್ದೆ. ಆ ಮರ್ಯಾದೆ ನನಗೆ ಹಿತವಾಗಿತ್ತು ಎನ್ನುವುದನ್ನೂ ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ.

ಒಂದು ಸಂಜೆ ಅಜ್ಜಿ ನನ್ನ ಸ್ಕೂಟರಿಗೆ ಅಡ್ಡ ನಿಂತಳು. ತಮಾಷೆಯಿಲ್ಲ, ಬೈಗುಳವಿಲ್ಲ.

“ಸುಮಾ, ನಿಜ ಹೇಳು. ನನ್ ಕೈಯಿಂದ್ಲೇ ಆಯ್ತಾ?”

ಸುತ್ತ ಜನವಿದ್ದರು. ರತ್ನಮ್ಮನವರ ಮನೆ ಎರಡು ಬಾಗಿಲ ಆಚೆ. “ಡಾಕ್ಟ್ರು ನೋಡ್ತಾವ್ರಲ್ಲ ಅಜ್ಜಿ, ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ” ಎಂದು ಗಾಡಿ ಎಬ್ಬಿಸಿದೆ. ಅವಳು ದಾರಿ ಬಿಟ್ಟಳು. ಸ್ವಲ್ಪ ದಿನಕ್ಕೆ ಬೀದಿಯನ್ನೇ ಬಿಟ್ಟು ಹತ್ತಿರದ ಮಧುರೆ ಹಳ್ಳಿಯಲ್ಲಿದ್ದ ಮಗಳ ಮನೆಗೆ ಹೋದಳು.

ಚಿರು ಕಾಲಿಗೆ ಆಸರೆಯ ಪಟ್ಟಿ ಹಾಕಿಕೊಂಡು ಹೆಜ್ಜೆಯಿಟ್ಟಾಗ, ಇನ್ನು ಹೆದರಿಕೆಯಿಲ್ಲ ಎನ್ನಿಸಿ ರತ್ನಮ್ಮನವರಿಗೆ ಎಲ್ಲ ಹೇಳಿದೆ. ಅವರು ಮೊಮ್ಮಗನ ಬಾಯಿ ಒರೆಸುತ್ತ, “ಅಯ್ಯೋ, ಹೌದಾ? ಪಾಪ ಮುದುಕಿ. ಅವಾಗ್ಲೇ ಒಂದ್ ಮಾತು ಹೇಳ್ಬಾರ್ದಾಗಿತ್ತಾ? ನಾನೇನು ಸೊಸೇನ ನಿಜವಾಗ್ಲೂ ಓಡಿಸ್ಬಿಡ್ತಿದ್ನಾ?” ಎಂದರು. ಮಗು ನಡೆದಾಡುವಾಗ ಹೀಗೆ ಹೇಳುವುದು ಸುಲಭ. ಅವತ್ತು ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಪಿಳ್ಳಮ್ಮಜ್ಜಿಯ ಬಾಳನ್ನು ತೆತ್ತು ನಾನು ತಪ್ಪಿಸಿದ ಅನಾಹುತ ನಿಜಕ್ಕೂ ಆಗುತ್ತಿತ್ತೋ ಇಲ್ಲವೋ ಎಂಬುದು ಈಗಲೂ ನನ್ನನ್ನು ತಿನ್ನುತ್ತದೆ.

ಕಳೆದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಅದಕ್ಕೆ ಕೆಲವು ತಿಂಗಳ ಮುಂಚೆ, ನನ್ನ ಎಳೆಯ ಮಗಳನ್ನು ಎತ್ತಿಕೊಂಡು ಮಧುರೆಗೆ ಹೋಗಿದ್ದೆ. ಅವಳ ಮಗಳು ಹೊಲಕ್ಕೆ ಹೋಗಿದ್ದಳು. ಅಜ್ಜಿ ಒಬ್ಬಳೇ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಕೂತ ತಕ್ಷಣ ಹೇಳಿಬಿಟ್ಟೆ. ತಡಮಾಡಿದರೆ ಹೇಳಲಾರೆನೆಂದು ಗೊತ್ತಿತ್ತು.

“ಚಿರುಗೆ ಆಗಿದ್ದು ನಿನ್ನಿಂದಲ್ಲ ಅಜ್ಜಿ. ಹುಟ್ಟೋ ಹೊತ್ತಲ್ಲೇ ಮೆದುಳಿಗೆ ಪೆಟ್ಟಾಗಿತ್ತು. ಡಾಕ್ಟ್ರು ಅವತ್ತೇ ಹೇಳಿದ್ರು.”

“ಅವತ್ತೇನಾ? ನಾನು ಬೀದೀಲಿ ಕೇಳಿದ್ನಲ್ಲ, ಅದಕ್ಕೂ ಮುಂಚೇನಾ?”

“ಹೂಂ. ಲಾವಣ್ಯನ್ನ ತವ್ರಿಗೆ ಕಳಿಸ್ಬಿಡ್ತಾರೆ ಅಂತ ಸುಮ್ನಿದ್ದೆ. ತಪ್ಪಾಯ್ತು ಅಜ್ಜಿ.”

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೈಯಲ್ಲಿದ್ದ ಕಾಯಿ ಸುಲಿದು ಹಾಕಿ, “ಮಗ ನಡೀತಾನಾ?” ಎಂದಳು. ನಡೀತಾನೆ ಎಂದೆ. “ಆಯ್ತು ಬಿಡು.”

ಇವಳಿಗೂ ನೀನೇ ನೀರು ಹಾಕಬೇಕು ಎಂದು ಮಗಳನ್ನು ಅವಳ ಮುಂದೆ ಹಿಡಿದೆ. ನೋಡಿದಳು, ನಕ್ಕಳು, ಕೈ ಮಾತ್ರ ಚಾಚಲಿಲ್ಲ. “ನೀನೇ ಹಾಕವ್ವ, ನಾನ್ ಹೇಳ್ಕೊಡ್ತೀನಿ” ಎಂದು ಬಚ್ಚಲ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತಳು. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡು, ಕತ್ತು ಬಿಡಬೇಡ, ಎಣ್ಣೆ ಕಂಕುಳಿಗೂ ಹಚ್ಚು ಎಂದು ಒಂದೊಂದಾಗಿ ಹೇಳಿಕೊಟ್ಟಳು. ನಾನು ಕಾಲು ನೀಡಿ, ಮಗಳನ್ನು ಮಲಗಿಸಿಕೊಂಡು, ಅವಳು ಮಾಡುತ್ತಿದ್ದುದನ್ನು ನೋಡಿದ್ದ ನೆನಪಿನಲ್ಲಿ ಪಾದ ಹಿಡಿದು ಮೆಲ್ಲಗೆ ಎಳೆಯಹೋದೆ.

“ಬ್ಯಾಡ! ಕಾಲು ಎಳೀಬ್ಯಾಡ ಕಣವ್ವ!”

ಮಗು ಬೆಚ್ಚಿಬಿದ್ದು ಅಳತೊಡಗಿತು. ಹೊಸ್ತಿಲಲ್ಲಿ ಅಜ್ಜಿ ಎದ್ದು ನಿಂತು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ನಾನು ಅವಳಿಗೆ ನಿಜ ಹೇಳಿ ಇನ್ನೂ ಅರ್ಧ ಗಂಟೆ ಕೂಡ ಆಗಿರಲಿಲ್ಲ.