ಬಿಳಿ ಪೊಟ್ಟಣದ ಪೆಪ್ಪರ್‌ಮಿಂಟ್

ಎಪ್ಪತ್ತರ ದಶಕದ ಮಾತು. ನಮ್ಮ ಯಜಮಾನರಿಗೆ ಮ್ಯಾನ್‌ಹಟನ್ನಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಅವರ ಹೆಸರಲ್ಲಿ ಏಕಾದಶಿ ಉಪವಾಸವಿದ್ದು ನ್ಯೂಜೆರ್ಸಿಯಿಂದ ಒಬ್ಬಳೇ ಹೊರಟವಳು ತಪ್ಪು ಸಬ್‌ವೇ ಸ್ಟೇಷನ್ನಿನಲ್ಲಿ ಇಳಿದುಬಿಟ್ಟೆ. ಮೇಲೆ ಬಂದರೆ ಚೀನೀಯರ ಪೇಟೆ. ಒಂದು ಬೋರ್ಡೂ ಓದಲಾಗದು. ಒಂದು ಕಟ್ಟಡದ ಬಾಗಿಲಲ್ಲಿ ಜನ ನಿಂತಿದ್ದರು. ದಾರಿ ಕೇಳೋಣವೆಂದು ಹೋದರೆ, ಅಜ್ಜಿಯೊಬ್ಬರು ನನ್ನ ಕೈಗೆ ಬಿಳಿ ಕಾಗದದ ಪುಟ್ಟ ಪೊಟ್ಟಣವಿಟ್ಟರು. ಒಳಗೊಂದು ಪೆಪ್ಪರ್‌ಮಿಂಟ್. ಇದು ಇವರ ದೇವಸ್ಥಾನವಿರಬೇಕು ಅಂದುಕೊಂಡು, ಕಣ್ಣಿಗೊತ್ತಿಕೊಂಡು, ಯಜಮಾನರಿಗೆ ಪ್ರಸಾದವಾಯಿತೆಂದು ಪರ್ಸಿಗೆ ಹಾಕಿದೆ.

ಅಜ್ಜಿ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು. ಪಕ್ಕದಲ್ಲಿದ್ದ ಅವರ ಮಗಳು ಇಂಗ್ಲಿಷಿನಲ್ಲಿ ಹೇಳಿದಳು: "ಒಳಗೆ ನಮ್ಮಪ್ಪನ ಅಂತ್ಯಕ್ರಿಯೆ. ಇದನ್ನ ಇಲ್ಲೇ ತಿಂದುಬಿಡಿ. ಮನೆಗೆ ಒಯ್ದರೆ ದುಃಖವೂ ಜೊತೆಗೆ ಬರುತ್ತೆ."

"ನನಗಿವತ್ತು ಉಪವಾಸ. ಗಂಡ ಆಸ್ಪತ್ರೆಯಲ್ಲಿದ್ದಾರೆ," ಎಂದೆ.

"ಹಾಗಾದರೆ ತಿನ್ನಲೇಬೇಕು."

ನಾರಾಯಣನನ್ನು ನೆನೆದು ಬಾಯಿಗೆ ಹಾಕಿಕೊಂಡೆ. ಅದು ಕರಗುವವರೆಗೂ ಅಜ್ಜಿ ಕೈ ಬಿಡಲಿಲ್ಲ. ಆಮೇಲೆ ಮಗಳು ಆಸ್ಪತ್ರೆಯ ಬಸ್ಸು ಹತ್ತಿಸಿದಳು.

ಆ ತಿಂಗಳೇ ಯಜಮಾನರು ತೀರಿಕೊಂಡರು. ದೇವರ ಇಚ್ಛೆ, ಒಂದು ಉಪವಾಸ ಮುರಿದದ್ದಕ್ಕೆ ಸಿಟ್ಟಾಗುವವನಲ್ಲ ಅವನು. ಅವರ ಅಂತ್ಯಕ್ರಿಯೆ ನಡೆದ ಫ್ಯೂನರಲ್ ಹೋಮಿನ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಒಂದೊಂದು ಪೆಪ್ಪರ್‌ಮಿಂಟ್ ಕೊಟ್ಟು, "ಇಲ್ಲೇ ತಿಂದು ಹೋಗಿ," ಎಂದೆ. "ಪಾಪ, ಆಂಟಿಗೆ ತಲೆ ಕೆಟ್ಟಿದೆ," ಎಂದು ಯಾರೋ ಪಿಸುಗುಟ್ಟಿದರು. ಆದರೂ ತಿಂದರು. ನಮ್ಮ ಪರಿಚಯದ ಡಾಕ್ಟರೊಬ್ಬರು ಮಾತ್ರ "ನನಗೆ ಶುಗರ್ ಇದೆಯಮ್ಮಾ," ಎಂದು ಜೇಬಿಗಿಳಿಸಲು ನೋಡಿದರು. ನಾನು ಅವರ ಕೈ ಬಿಡಲಿಲ್ಲ.